ಕೊಟ್ಟಿಗೆಯಲ್ಲಿ ಒಬ್ಬರೇ ಮಾಡುವ ತೀರ್ಮಾನ

ವೃತ್ತಿಶಿಕ್ಷಣದ ಕಾಲೇಜುಗಳಲ್ಲಿ ಈಗ ಎರಡು ಉಪನ್ಯಾಸಗಳಿಗೆ ಬಲು ಬೇಡಿಕೆ. ಒಂದು ನಾಯಕತ್ವದ ಬಗ್ಗೆ, ಇನ್ನೊಂದು ಒತ್ತಡ ನಿರ್ವಹಣೆಯ ಬಗ್ಗೆ. ಮೊದಲನೆಯದರಲ್ಲಿ ದೊಡ್ಡ ಕನಸು ಕಾಣಿ, ಎದೆಗುಂದಬೇಡಿ, ಮುಂದೆ ನಿಂತು ನಡೆಸಿ ಎನ್ನುತ್ತಾರೆ. ಎರಡನೆಯದರಲ್ಲಿ ಕಣ್ಣು ಮುಚ್ಚಿ, ನಿಧಾನ ಉಸಿರಾಡಿ, ಮೊಬೈಲ್ ದೂರವಿಡಿ ಎನ್ನುತ್ತಾರೆ. ಎರಡಕ್ಕೂ ಬೇರೆ ಬೇರೆ ಅತಿಥಿ, ಬೇರೆ ಬೇರೆ ಹಾರ. ಪಶುವೈದ್ಯಕೀಯ ಓದುವ ಹುಡುಗ ಹುಡುಗಿಯರ ಮಟ್ಟಿಗಂತೂ ಈ ವಿಂಗಡಣೆಯೇ ತಪ್ಪು ಎಂಬುದು ನನ್ನ ವಾದ. ಆ ವೃತ್ತಿಯಲ್ಲಿ ಮನಸ್ಸು ಕುಸಿಯುವುದು ಹೆಚ್ಚಾಗಿ ತೀರ್ಮಾನದ ಭಾರವನ್ನು ಒಬ್ಬರೇ ಹೊತ್ತಾಗ. ಆ ಭಾರವನ್ನು ಯಾರ ಜೊತೆ, ಯಾವಾಗ, ಹೇಗೆ ಹಂಚಿಕೊಳ್ಳಬೇಕು ಎಂಬ ಕಸುಬಿಗೇ ನಾಯಕತ್ವ ಎನ್ನಬೇಕು. ಇದನ್ನು ಕಲಿಸದೆ ವಿದ್ಯಾರ್ಥಿಯ ನೆಮ್ಮದಿ ಕಾಯುತ್ತೇವೆಂದು ಹೊರಟರೆ ಉಳಿಯುವುದು ಉಸಿರಾಟದ ಪಾಠ ಮಾತ್ರ.

ಅವರು ಬರುವ ದಾರಿಯನ್ನೇ ನೋಡಿ. ಪದವಿಗೆ ಐದೂವರೆ ವರ್ಷ. ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಕಾಲೇಜು, ಬೀದರ್, ಶಿವಮೊಗ್ಗ, ಹಾಸನ, ಗದಗದ ಕಾಲೇಜುಗಳು ಈಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಅಲ್ಲಿಗೆ ಸಗಣಿ ಬಾಚಿ ಬೆಳೆದ ರೈತರ ಮಕ್ಕಳೂ ಬರುತ್ತಾರೆ, ಎಂಬಿಬಿಎಸ್ ಸೀಟು ಕೈತಪ್ಪಿದವರೂ ಬರುತ್ತಾರೆ. ಎರಡನೆಯವರಿಗೆ ಮದುವೆ ಮುಂಜಿಯಲ್ಲಿ ನೆಂಟರ ಕೊಂಕು ಬೇರೆ: ‘ಓ, ದನದ ಡಾಕ್ಟ್ರಾ?’ ಹಾಗೆ ಕೇಳುವವರಿಗೆ ಓದಿನ ಹರವು ಗೊತ್ತಿರುವುದಿಲ್ಲ. ಮನುಷ್ಯರ ವೈದ್ಯರು ಒಂದು ಪ್ರಾಣಿಯನ್ನು ಕಲಿತರೆ ಸಾಕು. ಇವರು ಹಸು, ಎಮ್ಮೆ, ಕುರಿ, ಹಂದಿ, ಕುದುರೆ, ನಾಯಿ, ಕೋಳಿ ಎಲ್ಲವನ್ನೂ ಕಲಿಯಬೇಕು. ಹಸುವಿನ ಹೊಟ್ಟೆಗೆ ನಾಲ್ಕು ಕೋಣೆ, ಕುದುರೆಯದಕ್ಕೆ ಒಂದೇ. ಒಂದಕ್ಕೆ ಆಗಿಬರುವ ಔಷಧ ಇನ್ನೊಂದಕ್ಕೆ ವಿಷವಾಗಬಹುದು. ಪಠ್ಯ ಭಾರವಾಗಿದೆ, ನಿಜ. ಆದರೆ ಪಠ್ಯದ ಭಾರಕ್ಕೆ ಪರೀಕ್ಷೆ ಮುಗಿದ ದಿನ ಬಿಡುಗಡೆಯಿದೆ. ನನ್ನ ಚಿಂತೆ ಬಿಡುಗಡೆಯಿಲ್ಲದ ಭಾರದ ಬಗ್ಗೆ.

ರಾತ್ರಿ ಹತ್ತರ ಮೇಲೆ ಕರೆ ಬಂದಿದೆ ಎನ್ನಿ: ಹಸು ಈಯಲು ಒದ್ದಾಡುತ್ತಿದೆ, ಕರು ಅಡ್ಡ ಸಿಕ್ಕಿದೆ. ಹೋಗಿ ನೋಡಿದರೆ ಮುಂಗಾಲೆರಡೂ ಹೊರಗೆ, ತಲೆ ಮಾತ್ರ ಹಿಂದಕ್ಕೆ ತಿರುಚಿಕೊಂಡಿದೆ. ಭುಜದವರೆಗೆ ಕೈ ಒಳಗೆ ಹಾಕಿದರೆ ಗರ್ಭಕೋಶ ಆ ಕೈಯನ್ನೇ ಹಿಂಡುತ್ತದೆ. ಸ್ವಲ್ಪ ಹೊತ್ತಿಗೆ ಬೆರಳುಗಳಿಗೆ ಸ್ಪರ್ಶವೇ ಇರುವುದಿಲ್ಲ. ಹೊರಗೆ ಮನೆಯವರೆಲ್ಲ ನಿಂತಿದ್ದಾರೆ. ಸೊಸೈಟಿ ಸಾಲದಲ್ಲಿ ತಂದ ಸೀಮೆಹಸು, ಇನ್ನೂ ಕಂತು ಮುಗಿದಿಲ್ಲ. ‘ಉಳ್ಕೊಳ್ತದಾ ಡಾಕ್ಟ್ರೇ?’ ಎಂದು ಯಜಮಾನ ಕೇಳುತ್ತಾನೆ. ಕರುವಿನ ತಲೆ ಸರಿಪಡಿಸಿ ಎಳೆಯುವುದೋ, ಕರು ಸತ್ತಿದ್ದರೆ ಒಳಗೇ ಕತ್ತರಿಸಿ ತೆಗೆಯುವುದೋ, ಟಾರ್ಚ್ ಬೆಳಕಿನಲ್ಲೇ ಸಿಸೇರಿಯನ್‌ಗೆ ಇಳಿಯುವುದೋ ಎಂಬುದನ್ನು ಪುಸ್ತಕ ಹೇಳುತ್ತದೆ. ಟಾರ್ಚ್ ಯಾರ ಕೈಗೆ ಕೊಡಬೇಕು, ಹಗ್ಗ ಹಿಡಿಯಲು ಪಕ್ಕದ ಮನೆಯವರನ್ನು ಕರೆಸಬೇಕೇ, ಕರು ಸಿಗುವುದು ಕಷ್ಟ ಎಂಬುದನ್ನು ಎಳೆಯುವ ಮುಂಚೆ ಹೇಳಬೇಕೇ ಆಮೇಲೆ ಹೇಳಬೇಕೇ, ಮನೆಯವರಲ್ಲಿ ಯಾರಿಗೆ ಹೇಳಬೇಕು ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಮುಂಚೆ ಹೇಳಿದ ಮಾತು ಮಾಹಿತಿಯಾಗುತ್ತದೆ, ಆಮೇಲೆ ಹೇಳಿದ್ದು ಸಬೂಬಿನಂತೆ ಕೇಳಿಸುತ್ತದೆ. ಮನೆಯವರಿಗೆ ಎಲ್ಲವನ್ನೂ ತಿಳಿಸಿ ಅವರ ಒಪ್ಪಿಗೆಯಿಂದ ಮುಂದುವರಿದ ವೈದ್ಯರಿಗೆ ಹಸು ಸತ್ತರೆ ದುಃಖವಾಗುತ್ತದೆ. ಎಲ್ಲವನ್ನೂ ಮನಸ್ಸಿನಲ್ಲೇ ಇಟ್ಟುಕೊಂಡು ಕೈಹಾಕಿದವರಿಗೆ ದುಃಖದ ಜೊತೆಗೆ ಅಪರಾಧಿ ಭಾವವೂ ಗಂಟುಬೀಳುತ್ತದೆ, ಅದು ಬೇಗ ಬಿಡುವುದಿಲ್ಲ.

ಇದು ಬರೀ ಊಹೆಯಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಂಶೋಧಕರು 1979ರಿಂದ 2015ರವರೆಗಿನ ಪಶುವೈದ್ಯರ ಸಾವಿನ ದಾಖಲೆಗಳನ್ನು ಪರಿಶೀಲಿಸಿದರು. ಸಾಮಾನ್ಯ ಜನರಿಗೆ ಹೋಲಿಸಿದರೆ ಆತ್ಮಹತ್ಯೆಯಿಂದ ಸತ್ತವರ ಪ್ರಮಾಣ ಪುರುಷ ಪಶುವೈದ್ಯರಲ್ಲಿ 2 ಪಟ್ಟಿಗಿಂತ ತುಸು ಹೆಚ್ಚು, ಮಹಿಳೆಯರಲ್ಲಿ 3.5 ಪಟ್ಟು ಎಂದು ಕಂಡುಬಂತು. ಬ್ರಿಟನ್ನಿನಲ್ಲಿ ನಡೆದ ಅಧ್ಯಯನಗಳೂ ಇದೇ ದಿಕ್ಕಿಗೆ ಬೆರಳು ತೋರಿಸಿವೆ. ಕಾರಣ ಹುಡುಕುವಾಗ ಕೆಲಸದ ಗಂಟೆ, ಸಾಲ, ಮಾರಕ ಔಷಧಗಳು ಕೈಗೆಟಕುವಂತಿರುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೊನೆಯದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಔಷಧದ ಬೀರುವಿಗೆ ಇಬ್ಬರ ಸಹಿ, ಇಬ್ಬರ ಬೀಗ ಎಂಬಷ್ಟು ಸಣ್ಣ ಏರ್ಪಾಟು ಕೂಡ ಜೀವ ಉಳಿಸಬಲ್ಲದು. ಆದರೆ ಉತ್ತರ ಅಮೆರಿಕದ ಪಶುವೈದ್ಯರ ನಡುವೆ ನಡೆದು 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಇನ್ನೊಂದು ಮಗ್ಗುಲನ್ನು ತೋರಿಸಿತು. ಸರಿಯೆಂದು ತಿಳಿದ ಚಿಕಿತ್ಸೆಯನ್ನು ಕೊಡಲಾಗದ ಧರ್ಮಸಂಕಟ ತಮ್ಮನ್ನು ಕಾಡುತ್ತದೆ ಎಂದು ಅದರಲ್ಲಿ ಭಾಗವಹಿಸಿದ ಬಹುಪಾಲು ವೈದ್ಯರು ಹೇಳಿದರು. ಅದನ್ನು ನಿಭಾಯಿಸುವ ತರಬೇತಿ ತಮಗೆ ಸಿಕ್ಕಿರಲಿಲ್ಲ ಎಂದೂ ಅವರಲ್ಲಿ ಹೆಚ್ಚಿನವರು ಹೇಳಿದರು.

ಅದೆಲ್ಲ ನಾಯಿ ಬೆಕ್ಕುಗಳ ದೇಶದ ಕಥೆ, ದಯಾಮರಣ ಕೊಡಿಸುವ ಶ್ರೀಮಂತರ ಕಥೆ, ನಮಗೇಕೆ ಎನ್ನುವವರಿದ್ದಾರೆ. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಅಲ್ಲಿನ ಅಂಕಿಗಳನ್ನು ಎತ್ತಿಕೊಂಡು ಬಂದು ಇಲ್ಲಿ ಇಡುವುದು ಸರಿಯಲ್ಲ. ನಮ್ಮ ಧರ್ಮಸಂಕಟದ ಬಣ್ಣ ಬೇರೆ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 84 ಲಕ್ಷಕ್ಕೂ ಹೆಚ್ಚು ದನಗಳು, 30 ಲಕ್ಷದ ಹತ್ತಿರ ಎಮ್ಮೆಗಳು, ಕೋಟಿ ಮೀರಿದ ಕುರಿಗಳು ಇವೆ. ಐದು ಸಾವಿರ ಜಾನುವಾರು ಘಟಕಕ್ಕೆ ಒಬ್ಬ ಪಶುವೈದ್ಯ ಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. ನಮ್ಮಲ್ಲಿ ಒಬ್ಬರೇ ಎರಡು ಮೂರು ಆಸ್ಪತ್ರೆಗಳ ಹೊಣೆ ಹೊರುವುದು ಅಪರೂಪವೇನಲ್ಲ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ಸಾವಿರಾರು ರಾಸುಗಳನ್ನು ಬಲಿತೆಗೆದುಕೊಂಡಾಗ ಹಳ್ಳಿಯವರ ಸಿಟ್ಟಿಗೂ ಕಣ್ಣೀರಿಗೂ ಎದುರು ನಿಲ್ಲಬೇಕಾದವರು ಇವರೇ. ದುಬಾರಿ ಔಷಧದ ಚೀಟಿ ಬರೆದರೆ ರೈತ ಕೊಳ್ಳಲಾರ, ಬರೆಯದಿದ್ದರೆ ಹಸು ಉಳಿಯದು. ಸತ್ತ ರಾಸಿನ ವಿಮೆಗೆ, ಪರಿಹಾರಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ಸಹಿ ಹಾಕುವವರೂ ಅವರೇ. ಊರಿನ ಪುಢಾರಿಯ ಫೋನು ಬರುವುದೂ ಅವರಿಗೇ. ಅಲ್ಲಿ ಪ್ರಾಣಿಯ ಮಾಲೀಕರ ಭಾವನೆ ವೈದ್ಯರನ್ನು ಹಿಂಡಿದರೆ ಇಲ್ಲಿ ಮಾಲೀಕರ ಅನ್ನ ಹಿಂಡುತ್ತದೆ. ಒಬ್ಬರೇ ತೀರ್ಮಾನಿಸಬೇಕಾದ ಪರಿಸ್ಥಿತಿ ಮಾತ್ರ ಎರಡೂ ಕಡೆ ಒಂದೇ.

ಇನ್ನೊಂದು ಆಕ್ಷೇಪ ಹಿರಿಯರದು. ನಾವು ಸೈಕಲ್ ತುಳಿದು ಊರೂರು ಸುತ್ತಿದೆವು, ನಮಗೆ ಯಾವ ಆಪ್ತಸಮಾಲೋಚನೆಯೂ ಬೇಕಾಗಲಿಲ್ಲ, ಈಗಿನ ಮಕ್ಕಳು ಮೆತ್ತಗಾಗಿದ್ದಾರೆ ಎನ್ನುತ್ತಾರೆ. ಜೇಮ್ಸ್ ಹೆರಿಯಟ್ ಎಂಬ ಹೆಸರಿನಲ್ಲಿ ಬರೆದ ಆಲ್ಫ್ ವೈಟ್ ಅವರನ್ನು ಇಲ್ಲಿ ನೆನೆಯಬೇಕು. 1939ರಲ್ಲಿ ಗ್ಲಾಸ್ಗೋದಲ್ಲಿ ಓದು ಮುಗಿಸಿ ಯಾರ್ಕ್‌ಷೈರಿನ ಥರ್ಸ್ಕ್ ಎಂಬ ಪೇಟೆಯಲ್ಲಿ ಬಾಳುವೆ ಕಳೆದವರು. 1970ರಿಂದ ಬಂದ ಅವರ ಪುಸ್ತಕಗಳನ್ನು ಓದಿ ಪಶುವೈದ್ಯರಾಗಬೇಕೆಂದು ಹಂಬಲಿಸಿದವರು ಜಗತ್ತಿನ ತುಂಬ ಇದ್ದಾರೆ. ಚಳಿಯಲ್ಲಿ ಅಂಗಿ ಬಿಚ್ಚಿ ಹಸುವಿನ ಹಿಂದೆ ಮಲಗುವ, ಬೈಸಿಕೊಂಡು ನಗುವ ಆ ವೈದ್ಯನಷ್ಟು ಸುಖಿ ಬೇರಿಲ್ಲ ಎನಿಸುತ್ತದೆ. ಅದೇ ಮನುಷ್ಯ 1960ರ ಸುಮಾರಿಗೆ ತೀವ್ರ ಖಿನ್ನತೆಗೆ ಬಿದ್ದು ವಿದ್ಯುತ್ ಆಘಾತದ ಚಿಕಿತ್ಸೆ ಪಡೆದಿದ್ದರೆಂದು ಸ್ವತಃ ಪಶುವೈದ್ಯರಾದ ಮಗ ಜಿಮ್ ವೈಟ್ ತಂದೆಯ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಗಟ್ಟಿ ತಲೆಮಾರಿಗೂ ನೋವಿತ್ತು. ಅದನ್ನು ಹೇಳಿಕೊಳ್ಳುವ ರೂಢಿ ಇರಲಿಲ್ಲ, ಅಷ್ಟೇ.

ಹಾಗೆಂದು ಹಿರಿಯರ ಮಾತಿನಲ್ಲಿ ಹುರುಳಿಲ್ಲವೆಂದೂ ಅಲ್ಲ. ಅವರ ಕಾಲದ ಅತಿ ದೊಡ್ಡ ಗೆಲುವನ್ನು ನೋಡಿದರೆ ನಾಯಕತ್ವದ ಬಗ್ಗೆ ಇಂದಿನ ಉಪನ್ಯಾಸಗಳಲ್ಲಿ ಸಿಗದ ಪಾಠ ಸಿಗುತ್ತದೆ. ನಮ್ಮ ಹಳ್ಳಿಗಳು ದೊಡ್ಡರೋಗ ಎಂದು ಕರೆಯುತ್ತಿದ್ದ ರಿಂಡರ್‌ಪೆಸ್ಟ್ ಹಟ್ಟಿಗೆ ಹಟ್ಟಿಯನ್ನೇ ಬರಿದು ಮಾಡುತ್ತಿತ್ತು. 1954ರಲ್ಲಿ ದೇಶಮಟ್ಟದ ನಿರ್ಮೂಲನಾ ಕಾರ್ಯಕ್ರಮ ಶುರುವಾಯಿತು. 1995ರ ನಂತರ ಭಾರತದಲ್ಲಿ ರೋಗ ಕಾಣಿಸಲಿಲ್ಲ. 2011ರಲ್ಲಿ ಇಡೀ ಜಗತ್ತಿನಿಂದಲೇ ಅದು ತೊಲಗಿತೆಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ನಿರ್ನಾಮ ಮಾಡಿದ ಎರಡನೆಯ ರೋಗ ಇದು. ಕೀನ್ಯಾದಲ್ಲಿ ಒಳ್ಳೆಯ ಲಸಿಕೆ ರೂಪಿಸಿದ ವಾಲ್ಟರ್ ಪ್ಲೌರೈಟ್ ಅವರಿಗೆ 1999ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು, ಬರಬೇಕಾದದ್ದೇ. ಆದರೆ ಆಫ್ರಿಕಾದ ದಕ್ಷಿಣ ಸುಡಾನಿನಂಥ ಕಡೆ, ಯುದ್ಧದ ನಡುವೆ, ಪದವಿಯಿಲ್ಲದ ದನಗಾಹಿಗಳಿಗೇ ಸಿರಿಂಜು ಹಿಡಿಯಲು ಕಲಿಸಿದ ಮೇಲೆ ಕೆಲಸ ಕೈಗೂಡಿತು. ದನಗಾಹಿಗೆ ರೋಗದ ಲಕ್ಷಣ ತಮಗಿಂತ ಮುಂಚೆ ಗೊತ್ತಾಗುತ್ತದೆ ಎಂದು ಪಶುವೈದ್ಯರು ಒಪ್ಪಿಕೊಳ್ಳಬೇಕಾಯಿತು. ನಮ್ಮಲ್ಲೂ ಅಷ್ಟೇ: ಕಾಂಪೌಂಡರು, ಲಸಿಕೆ ಹಾಕುವವರು, ಜವಾನರು, ಊರಿನ ಪಟೇಲರು ಸೇರಿ ಆದ ಕೆಲಸ ಅದು. ಸೈಕಲ್ ತುಳಿದ ಹಿರಿಯರ ಹಿಂದೆ ಒಂದು ತಂಡವಿತ್ತು ಎಂಬುದನ್ನು ಅವರೇ ಮರೆತು ಮಾತಾಡುತ್ತಾರೆ.

ಇಷ್ಟು ದೊಡ್ಡ ಉದಾಹರಣೆ ಬೇಡವೆಂದರೆ ಒಂದು ಜೊತೆ ಕೈಗವಸು ಸಾಕು. ಕಂದು ಹಾಕಿದ ಹಸುವಿನ ಕಸ (ಮಾಸು) ಬಿದ್ದಿಲ್ಲ, ತೆಗೆಯಬೇಕು. ಆ ಹಸುವಿಗೆ ಬ್ರುಸೆಲ್ಲೋಸಿಸ್ ಇದ್ದರೆ ಬರಿಗೈಯಲ್ಲಿ ಕಸ ತೆಗೆದವರಿಗೆ ಅದು ಅಂಟಬಹುದು: ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು, ತಿಂಗಳುಗಟ್ಟಲೆ ಸುಸ್ತು, ಹಲವರಲ್ಲಿ ಖಿನ್ನತೆ ಕೂಡ. ಹೆಣ್ಣು ಕರುಗಳಿಗೆ ಹಾಕುವ ಇದರ ಲಸಿಕೆಯಲ್ಲಿ ಜೀವಂತ ರೋಗಾಣು ಇರುವುದರಿಂದ ಸೂಜಿ ಕೈಗೆ ಚುಚ್ಚಿಕೊಂಡರೂ ಅಪಾಯವೇ. ಇದನ್ನೆಲ್ಲ ವಿದ್ಯಾರ್ಥಿ ಮೂರನೆಯ ವರ್ಷದ ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿರುತ್ತಾನೆ. ಆದರೆ ಎದುರಿಗಿರುವ ಸೀನಿಯರ್ ಗ್ಲೌಸ್ ಹಾಕದೆ ಕೈಯಿಳಿಸಿದರೆ, ಈ ಹುಡುಗ ಪೆಟ್ಟಿಗೆ ತೆರೆದು ಗ್ಲೌಸ್ ಹುಡುಕಲು ನಾಚುತ್ತಾನೆ. ಅಲ್ಲಿ ಅವನ ಆರೋಗ್ಯ ಯಾರ ಕೈಯಲ್ಲಿದೆ? ಯೋಗದ ತರಗತಿ ಆ ನಾಚಿಕೆಯನ್ನು ಬಿಡಿಸಲಾರದು. ತಾನೇ ಮೊದಲು ಗ್ಲೌಸ್ ಹಾಕಿಕೊಂಡು ‘ನೀನೂ ಹಾಕ್ಕೋ, ಆಮೇಲೆ ಮುಟ್ಟು’ ಎನ್ನುವ ಸೀನಿಯರ್ ಬಿಡಿಸಬಲ್ಲರು. ರೇಬೀಸ್ ಮುಂಜಾಗ್ರತಾ ಲಸಿಕೆಯ ಮಾತೂ ಇದೇ. ಹುಚ್ಚುನಾಯಿ ಬರುವವರೆಗೆ ಕಾಯದೆ ಇಡೀ ಬ್ಯಾಚಿಗೆ ಹಾಕಿಸಿದ ಕಾಲೇಜು, ವೇದಿಕೆಯ ಮೇಲೆ ಹೇಳದೆಯೇ ನಾಯಕತ್ವ ಕಲಿಸಿರುತ್ತದೆ.

ಪಠ್ಯ ಈಗಾಗಲೇ ತುಂಬಿ ತುಳುಕುತ್ತಿದೆ, ಇದಕ್ಕೆ ಜಾಗವೆಲ್ಲಿ ಎಂದು ಅಧ್ಯಾಪಕರು ಕೇಳಬಹುದು. ನಾನು ಹೊಸ ಪತ್ರಿಕೆ, ಹೊಸ ಅಂಕ ಕೇಳುತ್ತಿಲ್ಲ. ನಾಯಕತ್ವಕ್ಕೆ ಅಂಕ ಕೊಟ್ಟ ದಿನವೇ ಅದಕ್ಕೂ ಗೈಡ್ ಬರುತ್ತದೆ. ಜಾಗ ಇಂಟರ್ನ್‌ಶಿಪ್ಪಿನಲ್ಲೇ ಇದೆ. ಸಂಚಾರಿ ಚಿಕಿತ್ಸೆಗೆ ಹಳ್ಳಿಗೆ ಹೋದಾಗ ಔಷಧ ಹಾಕುವುದನ್ನು ಕಲಿಸುವಂತೆಯೇ, ಇವತ್ತಿನ ರೈತರ ಜೊತೆ ಮಾತಾಡುವ ಹೊಣೆ ನಿನ್ನದು, ನಾನು ಪಕ್ಕದಲ್ಲಿ ನಿಂತಿರುತ್ತೇನೆ ಎಂದು ಒಪ್ಪಿಸಬಹುದು. ರೋಗಿಯೊಡನೆ ಮಾತಾಡುವ ಕ್ರಮವನ್ನು ಹಂತಹಂತವಾಗಿ ಕಲಿಸುವ ಕ್ಯಾಲ್ಗರಿ-ಕೇಂಬ್ರಿಜ್ ಮಾರ್ಗಸೂಚಿ ಮನುಷ್ಯರ ವೈದ್ಯಕೀಯಕ್ಕೆಂದು ಹುಟ್ಟಿದ್ದು. ಹೊರದೇಶಗಳ ಪಶುವೈದ್ಯ ಕಾಲೇಜುಗಳು ಅದನ್ನು ತಮಗೆ ಬೇಕಾದಂತೆ ಬಳಸಿಕೊಂಡಿವೆ. ನಮ್ಮ ಕೊಟ್ಟಿಗೆಗೆ ಹೊಂದುವಂತೆ ಅದನ್ನು ಕನ್ನಡದಲ್ಲೇ ಕಟ್ಟಿಕೊಳ್ಳಲು ಅಡ್ಡಿಯೇನೂ ಇಲ್ಲ. ಸತ್ತ ರಾಸಿನ ಶವಪರೀಕ್ಷೆಯನ್ನು ಬರೆದಿಡುತ್ತೇವಲ್ಲ, ಹಾಗೆಯೇ ಜೀಪಿನಲ್ಲಿ ವಾಪಸಾಗುವಾಗ ತೀರ್ಮಾನವನ್ನೂ ಬಿಚ್ಚಿ ನೋಡಬೇಕು: ಎಲ್ಲಿ ತಡವಾಯಿತು, ಯಾರನ್ನು ಕೇಳಬಹುದಿತ್ತು, ಯಾವುದು ಯಾರ ಕೈಯಲ್ಲೂ ಇರಲಿಲ್ಲ. ಕೊನೆಯ ಪ್ರಶ್ನೆಗೆ ಅಧ್ಯಾಪಕರ ಬಾಯಿಂದ ಉತ್ತರ ಕೇಳಿಸಿಕೊಳ್ಳುವುದು ಎಳೆಯರಿಗೆ ಎಷ್ಟು ಬೇಕಾಗಿರುತ್ತದೆ ಎಂಬುದನ್ನು ಅಧ್ಯಾಪಕರು ಅಷ್ಟಾಗಿ ಅಂದಾಜು ಮಾಡಿರಲಾರರು.

ಎಲ್ಲ ಹೊಣೆಯನ್ನೂ ವ್ಯವಸ್ಥೆಗೆ ಹೊರಿಸಿದರೆ ವಿದ್ಯಾರ್ಥಿಗೆ ತನ್ನದೇನೂ ಇಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ನಿದ್ದೆ, ಊಟ, ಗೆಳೆಯರು, ಓದಿನಾಚೆಗೊಂದು ಹವ್ಯಾಸ ಇವೆಲ್ಲ ಅವರದೇ ಲೆಕ್ಕ. ಮನಸ್ಸು ತೀರಾ ಕುಗ್ಗಿದಾಗ 14416ಕ್ಕೆ ಕರೆಮಾಡುವುದೂ ಅವರದೇ ಹೆಜ್ಜೆ. 2022ರಲ್ಲಿ ಶುರುವಾದ ಈ ಟೆಲಿ ಮಾನಸ್ ಸಹಾಯವಾಣಿ ಕನ್ನಡದಲ್ಲೂ ಸಿಗುತ್ತದೆ. ಆದರೆ ಕರೆಮಾಡಿದರೆ ದುರ್ಬಲನೆಂದು ಹಣೆಪಟ್ಟಿ ಬೀಳುವ ಹಾಸ್ಟೆಲಿನಲ್ಲಿ ಸಂಖ್ಯೆಯನ್ನು ಗೋಡೆಗೆ ಅಂಟಿಸಿ ಏನು ಫಲ? ಬ್ರಿಟನ್ನಿನಲ್ಲಿ ಪಶುವೈದ್ಯರ ನೋಂದಣಿ ನೋಡಿಕೊಳ್ಳುವ ರಾಯಲ್ ಕಾಲೇಜೇ 2014ರಲ್ಲಿ ‘ಮೈಂಡ್ ಮ್ಯಾಟರ್ಸ್’ ಎಂಬ ಮಾನಸಿಕ ಆರೋಗ್ಯದ ಕಾರ್ಯಕ್ರಮ ಶುರುಮಾಡಿತು. ಶಿಸ್ತುಕ್ರಮ ಕೈಗೊಳ್ಳುವ ಸಂಸ್ಥೆಯೇ ನೋವು ಹೇಳಿಕೊಳ್ಳಿ ಎಂದಾಗ ಆ ಮಾತಿಗೆ ತೂಕ ಬರುತ್ತದೆ. ನಮ್ಮಲ್ಲಿ 1984ರ ಕಾಯ್ದೆಯಡಿ ಶಿಕ್ಷಣದ ಕನಿಷ್ಠ ಮಟ್ಟವನ್ನು ಗೊತ್ತುಪಡಿಸುವ ಅಧಿಕಾರ ಭಾರತೀಯ ಪಶುವೈದ್ಯಕೀಯ ಪರಿಷತ್ತಿಗಿದೆ. ಕಾಲೇಜಿನ ಪರಿವೀಕ್ಷಣೆಗೆ ಬಂದವರು ಪ್ರಯೋಗಾಲಯ, ರಾಸು, ಬೋಧಕರನ್ನು ಎಣಿಸುವಾಗ ಇನ್ನೆರಡು ಪ್ರಶ್ನೆ ಕೇಳಲಿ: ಇಂಟರ್ನ್ ಒಬ್ಬರೇ ಇರುವ ರಾತ್ರಿ ಪಾಳಿಯಲ್ಲಿ ಫೋನೆತ್ತುವ ಹಿರಿಯರು ಯಾರು, ಕಳೆದ ತಿಂಗಳು ಅವರು ಎಷ್ಟು ಸಲ ಎತ್ತಿದರು? ಪದವಿ ಮುಗಿದ ಮೇಲೆ ಮೊದಲ ಎರಡು ವರ್ಷವಾದರೂ ಹೊಸಬರನ್ನು ಅನುಭವಸ್ಥರಿರುವ ಆಸ್ಪತ್ರೆಗೇ ನೇಮಿಸಬೇಕೆಂದರೆ, ಹುದ್ದೆಗಳೇ ಖಾಲಿಯಿರುವಾಗ ಅದು ಸಾಧ್ಯವೇ ಎಂದು ಇಲಾಖೆ ಕೇಳುತ್ತದೆ. ಖಾಲಿ ಹುದ್ದೆ ತುಂಬುವುದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ಯಾವುದಿದೆ ಎಂದು ನಾವು ಮರಳಿ ಕೇಳಬಹುದು.