ಅಕ್ಕನ ಅಂಚೆ: ಇಳಿದ ತೂಕ ಯಾರ ಪುಣ್ಯ?

ಈ ವಾರದ ಅಂಚೆಯಲ್ಲಿ ಬಂದ ಕಾಗದಗಳ ಪೈಕಿ ಒಂದು ಹುಲಿಕಲ್ಲಿನದು. ಹೊಸನಗರದ ಕಡೆಯಿಂದ ಕುಂದಾಪುರಕ್ಕೆ ಘಟ್ಟ ಇಳಿಯೋ ಮುಂಚೆ ಸಿಗುತ್ತಲ್ಲ, ಮಳೆಯಲ್ಲಿ ಆಗುಂಬೆಯನ್ನೇ ಕೆಲವು ವರ್ಷ ಹಿಂದೆ ಹಾಕಿದ ಊರು, ಅದೇ. ಬರೆದಾಕೆ ಕಾಲೇಜು ಹುಡುಗಿ. ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಕೋದಿಲ್ಲ. ನಾಲ್ಕು ಪುಟದ ಕಾಗದದ ಸಾರಾಂಶ ಇಷ್ಟು:

“ಅಕ್ಕಾ, ನನ್ನ ತೂಕ 51 ಕಿಲೋ. ತಿಂಗಳಲ್ಲಿ ಮೂರು ವಾರ ಎಲ್ಲ ಸರಿ ಇರುತ್ತೆ. ಡೇಟ್ ಹತ್ತಿರ ಬಂತು ಅಂದ್ರೆ ಹೊಟ್ಟೆ ಡೋಲಿನ ಹಾಗೆ ಉಬ್ಬುತ್ತೆ, ಎರಡೇ ದಿನದಲ್ಲಿ ತೂಕ ಐವತ್ತೆರಡೂವರೆ! ನಿಶ್ಚಿತಾರ್ಥಕ್ಕೆ ಹೊಲಿಸಿದ ರವಿಕೆಯ ಹುಕ್ಕು ಬೀಳಲಿಲ್ಲ. ಗಂಡಿನ ಕಡೆಯವರು ಹುಡುಗಿ ಇನ್ನೂ ಸ್ವಲ್ಪ ತೆಳ್ಳಗಾಗಲಿ ಅಂತ ಹೇಳಿ ಕಳಿಸಿದ್ದಾರೆ. ಐದು ತಿಂಗಳಿಂದ ತೂಕ ಏರಿದ ಕೂಡಲೇ ರಾತ್ರಿ ಊಟ ಬಿಡ್ತೇನೆ, ನೀರೂ ಕಡಿಮೆ ಕುಡೀತೇನೆ. ಮುಟ್ಟಾಗಿ ನಾಲ್ಕು ದಿನಕ್ಕೆ ಸರಿಯಾಗಿ 51ಕ್ಕೆ ಇಳಿಯುತ್ತೆ. ಉಪವಾಸ ಕೆಲಸ ಮಾಡ್ತಿದೆ. ಆದರೆ ಬಸ್ಸಲ್ಲಿ ನಿಂತರೆ ಕಣ್ಣು ಕತ್ತಲೆ ಬರುತ್ತೆ. ಗೆಳತಿ ನೀರಿಳಿಸೋ ಮಾತ್ರೆ ತಂದು ಕೊಟ್ಟಿದ್ದಾಳೆ. ತಗೊಳ್ಳಲಾ?”

ತಗೋಬೇಡ ತಂಗೀ! ಕಾಗದ ಓದೋದು ಆಮೇಲೆ, ಮೊದಲು ಆ ಮಾತ್ರೆ ತೆಗೆದು ಆಚೆ ಇಡು.

ಈಗ ಕೇಳು. ನಿನ್ನ ತೂಕ ಇಳಿಸಿದ್ದು ಉಪವಾಸ ಅಲ್ಲ. ನೀನು ಹೊಟ್ಟೆ ತುಂಬ ಉಂಡಿದ್ದರೂ ಅದೇ ನಾಲ್ಕನೇ ದಿನಕ್ಕೆ, ಹೆಚ್ಚೆಂದರೆ ಇನ್ನೊಂದೆರಡು ದಿನಕ್ಕೆ, ಅದು ತಾನಾಗಿಯೇ ಇಳೀತಿತ್ತು. ಹುಂಜ ಕೂಗಿದ್ದರಿಂದಲೇ ಬೆಳಗಾಯ್ತು ಅಂತ ಮುದುಕಿ ನಂಬಿದ್ದಳಲ್ಲ, ಹಾಗೆ ಐದು ತಿಂಗಳಿಂದ ಉಪವಾಸಕ್ಕೆ ಇಲ್ಲದ ಪುಣ್ಯ ಕಟ್ಟಿದ್ದೀ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಕಿಲೋ ಕೊಬ್ಬು ಮೈಗೆ ಹತ್ತಬೇಕಾದರೆ ಖರ್ಚಿಗಿಂತ ಹೆಚ್ಚಿಗೆ ಸುಮಾರು 7,700 ಕ್ಯಾಲೊರಿ ತಿನ್ನಬೇಕು. ಒಂದೂವರೆ ಕಿಲೋಗೆ ಹನ್ನೊಂದೂವರೆ ಸಾವಿರ. ಅನ್ನದ ಲೆಕ್ಕದಲ್ಲಿ ಹೇಳಬೇಕೂಂದ್ರೆ, ನಿತ್ಯದ ಊಟ ಅಲ್ಲದೆ ಹತ್ತಿರ ಹತ್ತಿರ ಒಂಬತ್ತು ಕಿಲೋ ಬೇಯಿಸಿದ ಅನ್ನ! ಎರಡು ದಿನದಲ್ಲಿ ಅಷ್ಟು ಉಂಡಿದ್ದೀಯಾ ಮಾರಾಯ್ತಿ? ಮದುವೆ ಮನೆಯ ಅಡಿಗೆ ಭಟ್ಟರೂ ಉಣ್ಣಲಾರರು. ಹಾಗಾದರೆ ಏರಿದ್ದು ಏನು? ಬಹುಪಾಲು ನೀರು. ಜೊತೆಗೆ ಕರುಳಲ್ಲಿ ನಿಂತದ್ದು ಸ್ವಲ್ಪ.

ತಿಂಗಳ ಮಧ್ಯದಲ್ಲಿ ಅಂಡಾಶಯದಿಂದ ಅಂಡ ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಏರುತ್ತೆ. ಇದಕ್ಕೂ ಈಸ್ಟ್ರೊಜನ್ನಿಗೂ, ಮೂತ್ರಪಿಂಡದಲ್ಲಿ ಉಪ್ಪು ನೀರಿನ ಲೆಕ್ಕ ನೋಡಿಕೊಳ್ಳೋ ಹಾರ್ಮೋನುಗಳಿಗೂ ನಡೆಯೋ ಎಳೆದಾಟದಲ್ಲಿ ಕೆಲವರ ಮೈ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತೆ. ಉಪ್ಪು ನಿಂತಲ್ಲಿ ನೀರು ನಿಲ್ಲುತ್ತೆ. ಅದೇ ಪ್ರೊಜೆಸ್ಟರಾನ್ ಕರುಳನ್ನೂ ನಿಧಾನ ಮಾಡುತ್ತೆ. ಮಲಬದ್ಧತೆ, ವಾಯು, ಹೊಟ್ಟೆ ಬಿಗಿತ ಎಲ್ಲ ಅದರಿಂದ. ಮುಟ್ಟಿನ ಹೊತ್ತಿಗೆ ಗರ್ಭಕೋಶ ಹಿಂಡೋ ಪ್ರೊಸ್ಟಾಗ್ಲ್ಯಾಂಡಿನ್ ಅನ್ನೋ ವಸ್ತು ಕರುಳನ್ನೂ ಕೆಣಕೋದರಿಂದ ಕೆಲವರಿಗೆ ಮೊದಲ ದಿನ ಬೇಧಿಯ ಹಾಗೇ ಆಗುತ್ತೆ. ನಾಚಿಕೆ ಪಟ್ಟು ಯಾರೂ ಹೇಳಲ್ಲ, ಅಷ್ಟೆ. ಹೀಗೆ ಅರ್ಧ ಕಿಲೋದಿಂದ ಎರಡು ಕಿಲೋವರೆಗೂ ಏರಿ ಇಳಿಯೋದು ಉಂಟು. ಕೆಲವರಿಗೆ ಏರೋದೇ ಇಲ್ಲ, ಅದೂ ಸರಿಯೇ.

ಕೆನಡಾ ದೇಶದಲ್ಲಿ 62 ಹೆಂಗಸರು ವರ್ಷವಿಡೀ ದಿನಾ ತಮ್ಮ ಮೈಯ ಊತ ಎಷ್ಟು ಅಂತ ಬರೆದಿಟ್ಟರು. ಒಟ್ಟು 765 ಸುತ್ತಿನ ಲೆಕ್ಕ ಅದು, 2011ರಲ್ಲಿ ಪ್ರಕಟವಾಯ್ತು. ಊತ ಎಲ್ಲಕ್ಕಿಂತ ಹೆಚ್ಚು ಯಾವಾಗ ಗೊತ್ತೇ? ಮುಟ್ಟಿನ ಹಿಂದಿನ ವಾರ ಅಲ್ಲ, ಮುಟ್ಟಾದ ಮೊದಲ ದಿನ! ಆಮೇಲೆ ಸರಸರ ಇಳಿಯುತ್ತೆ. ನಿಮ್ಮೂರ ಹತ್ತಿರದ ಮಾಣಿ ಅಣೆಕಟ್ಟಿನಲ್ಲಿ ಆಷಾಢದಲ್ಲಿ ನೀರು ಏರಿದರೆ ಕಟ್ಟೆಯ ಗೋಡೆ ದಪ್ಪವಾಯ್ತು ಅಂತೀಯಾ?

ಈ ಏರಿಳಿತದ ಮೇಲೆ ವ್ಯಾಪಾರ ಮಾಡೋರೂ ಇದ್ದಾರೆ. “ಐದು ದಿನದಲ್ಲಿ ಎರಡು ಕಿಲೋ ಇಳಿಸಿ” ಅನ್ನೋ ಪುಡಿ, ಕಷಾಯಗಳ ಜಾಹೀರಾತು ನೋಡಿಲ್ಲವೇ? ಹೊಟ್ಟೆ ಉಬ್ಬಿದಾಗ ತಾನೇ ಹುಡುಗೀರು ಗಾಬರಿಯಾಗಿ ಕೊಳ್ಳೋದು! ಐದು ದಿನ ಕಳೆಯೋದರಲ್ಲಿ ಇಳಿದೇ ಇಳಿಯುತ್ತೆ, ಹೆಸರು ಪುಡಿಗೆ. ಸಿನಿಮಾ ಪತ್ರಿಕೆಗಳ ಹಿಂದಿನ ಪುಟದಲ್ಲೂ ಇಂಥವು ಬಂದದ್ದುಂಟು, ಸುಳ್ಳು ಯಾಕೆ ಹೇಳಲಿ. ಒಂದು ಕಾಲದಲ್ಲಿ ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನಲ್ಲಿ ಬಣ್ಣದ ಬಲ್ಬಿನ ತೂಕದ ಯಂತ್ರ ಇರ್ತಿತ್ತು. ಕಾಸು ಹಾಕಿದರೆ ಚೀಟಿ, ಚೀಟಿಯ ಬೆನ್ನಿಗೆ ಸಿನಿಮಾ ತಾರೆಯ ನಗುಮುಖ. ಒಂದು ಕಡೆ ನಮ್ಮ ತೂಕ, ಇನ್ನೊಂದು ಕಡೆ ಅವಳ ಸೊಂಟ... ಹೋಲಿಸಿ ನೋಡದೆ ಇರೋಕಾಗುತ್ತಾ? ಆದರೆ ಆ ತಾರೆಗೂ ತಿಂಗಳು ತಪ್ಪಿದ್ದಲ್ಲ. ಕಾಲ್‌ಶೀಟಿಗೆ ಹೊಟ್ಟೆಯ ಕಷ್ಟ ಗೊತ್ತಾಗೋದಿಲ್ಲ. ಡ್ಯಾನ್ಸಿನ ದಿನವೇ ಹೊಟ್ಟೆ ಉಬ್ಬಿದರೆ ಹೊಲಿಗೆ ಬಿಚ್ಚಿ ಅಗಲ ಮಾಡೋ ಟೈಲರು ಬೇಕು, ಓರೆಯಾಗಿ ನಿಲ್ಲಿಸೋ ಕ್ಯಾಮೆರಾದವರು ಬೇಕು. ನಿನ್ನ ರವಿಕೆಗೂ ಅದೇ ಉಪಾಯ. ಒಳಗೆ ಎರಡು ಬೆರಳು ಬಟ್ಟೆ ಬಿಡಿಸಿ, ಹುಕ್ಕಿಗೆ ಎರಡು ಸಾಲು ಕಾಜ ಹಾಕಿಸು.

ಇನ್ನು ಆ ಮಾತ್ರೆ. ನೀರಿಳಿಸೋ ಮಾತ್ರೆ ಇರೋದು ಹೃದಯ, ಮೂತ್ರಪಿಂಡದ ಕಾಯಿಲೆಯವರಿಗೆ, ರಕ್ತದೊತ್ತಡಕ್ಕೆ. ಮುಟ್ಟಿನ ಮುಂಚೆ ಊತ ತೀರಾ ಜಾಸ್ತಿ ಇದ್ದವರಿಗೆ ಡಾಕ್ಟರು ಕೆಲವೊಮ್ಮೆ ಒಂದು ಬಗೆಯದನ್ನು ನೋಡಿಕೊಂಡು ಕೊಡೋದುಂಟು. ನೀನಾಗಿ ನುಂಗಿದರೆ ನೀರಿನ ಜೊತೆ ಪೊಟ್ಯಾಸಿಯಂ ಏರುಪೇರಾಗಿ ಸುಸ್ತು, ತಲೆಸುತ್ತು, ಎದೆಬಡಿತದ ತೊಂದರೆ. ಮೊದಲೇ ಕಣ್ಣು ಕತ್ತಲೆ ಅಂತೀ! ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ತಿಂಗಳಿಗೊಮ್ಮೆ ರಕ್ತ ಹೋಗೋ ಹೊತ್ತಿನಲ್ಲೇ ಊಟ ಬಿಟ್ಟರೆ ಏನಾಗಬೇಕು? ಈ ವಾರವೇ ಹೊಸನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು. ಇದು ಮುಂದೆ ಹಾಕೋ ಕೆಲಸವಲ್ಲ.

ಮನೆಯಲ್ಲಿ ಮಾಡಬೇಕಾದ್ದು ಜಾಸ್ತಿ ಇಲ್ಲ. ನೀರು ಚೆನ್ನಾಗಿ ಕುಡಿ. ನೀರು ಬಿಟ್ಟರೆ ಊತ ಇಳಿಯೋದಿಲ್ಲ, ಮಲಬದ್ಧತೆ ಹೆಚ್ಚುತ್ತೆ. ದಿನಾ ನಡಿ. ಸೊಪ್ಪು, ಕಾಳು, ಬಾಳೆಹಣ್ಣು ತಿನ್ನು. ಉಪ್ಪಿನ ವಿಷಯ ಮಾತ್ರ ಸ್ವಲ್ಪ ಗಮನ ಕೊಡು. ದಿನಕ್ಕೆ 5 ಗ್ರಾಂ, ಅಂದ್ರೆ ಒಂದು ಟೀ ಚಮಚದೊಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಮಲೆನಾಡಿನ ಮಳೆಗಾಲದ ಊಟ ನನಗೆ ಗೊತ್ತಿಲ್ಲವೇ? ಅಪ್ಪೆಮಿಡಿ ಉಪ್ಪಿನಕಾಯಿ, ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಪ್ಪಳ, ಬಾಳಕದ ಮೆಣಸು! ಮುಟ್ಟಾದವರು ಉಪ್ಪಿನಕಾಯಿ ಜಾಡಿ ಮುಟ್ಟಿದರೆ ಕೆಡುತ್ತೆ ಅನ್ನೋ ಹಳೇ ಮಾತಿಗೆ ಬುಡ ಇಲ್ಲ, ಧಾರಾಳವಾಗಿ ಮುಟ್ಟು. ಅದರ ಹಿಂದಿನ ವಾರ ಮಾತ್ರ ಜಾಡಿಗೆ ಕೈ ಹಾಕೋದು ಸ್ವಲ್ಪ ಕಡಿಮೆ ಮಾಡು.

ಇನ್ನು ಮೇಲೆ ದಿನಾ ತೂಕ ನೋಡಬೇಡ. ಮುಟ್ಟಾದ ಏಳನೇ ದಿನ ಬೆಳಗ್ಗೆ, ತಿಂಡಿಗೆ ಮುಂಚೆ, ತಿಂಗಳಿಗೊಂದೇ ಸಲ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡು. ಏಳನೇ ದಿನಕ್ಕೆ ಏಳನೇ ದಿನ ಹೋಲಿಸಿದರೆ ನಿಜ ತಿಳಿಯುತ್ತೆ. ಹಾಗೆ ನೋಡಿದಾಗಲೂ ತಿಂಗಳು ತಿಂಗಳು ಏರ್ತಾ ಹೋದರೆ, ಮುಟ್ಟು ತಪ್ಪಿ ತಪ್ಪಿ ಆಗ್ತಿದ್ದರೆ, ಥೈರಾಯ್ಡೋ ಅಂಡಾಶಯದ ತೊಂದರೆಯೋ ಅಂತ ಡಾಕ್ಟರು ನೋಡಬೇಕು. ಮದುವೆಯಾದ ಮೇಲೆ ಮುಟ್ಟು ತಪ್ಪಿ ಹೊಟ್ಟೆ ಉಬ್ಬಿದರೆ ಏನು ಪರೀಕ್ಷೆ ಮಾಡಿಸಬೇಕು ಅಂತ ನಾನು ಹೇಳಬೇಕಾಗಿಲ್ಲ.

ಇಂಥ ಮಾತನ್ನ ಕನ್ನಡದ ಹುಡುಗಿಯರಿಗೆ ಅಂಜದೆ ಹೇಳಿದ ಡಾಕ್ಟರ್ ಅನುಪಮಾ ನಿರಂಜನ ನಿನ್ನ ಪಕ್ಕದ ತೀರ್ಥಹಳ್ಳಿಯಲ್ಲೇ 1934ರಲ್ಲಿ ಹುಟ್ಟಿದವರು. 1991ರಲ್ಲಿ ತೀರಿಕೊಂಡರು. ಅವರ ‘ಕೇಳು ಕಿಶೋರಿ’ ನಿಮ್ಮ ಲೈಬ್ರರಿಯಲ್ಲಿದ್ದರೆ ತಂದು ಓದು. ಗಂಡಿನ ಮನೆಯವರು ಕೇಳಿದರೆ ಅವರಿಗೂ ಕೊಡು.

ಇನ್ನೊಂದು ಕಾಗದ ಸಾಗರದ ಗೃಹಿಣಿಯದು. ವಯಸ್ಸು 54, ಮುಟ್ಟು ನಿಂತು ನಾಲ್ಕು ವರ್ಷವಾಗಿದೆ. “ಎರಡು ತಿಂಗಳಿಂದ ಹೊಟ್ಟೆ ಉಬ್ಬಿದ್ದು ಇಳೀತಾ ಇಲ್ಲ, ನಾಲ್ಕು ತುತ್ತಿಗೇ ಸಾಕಾಗುತ್ತೆ, ಪದೇ ಪದೇ ಮೂತ್ರಕ್ಕೆ ಹೋಗಬೇಕು. ಮಗಳು ವಾಯು ಅಂತಾಳೆ, ಓಮಿನ ಕಷಾಯ ಕುಡೀತಿದ್ದೇನೆ” ಅಂತ ಬರೆದಿದ್ದಾರೆ.

ಅಮ್ಮಾ, ಮೇಲಿನ ಉತ್ತರ ನಿಮಗಲ್ಲ. ತಿಂಗಳ ಏರಿಳಿತ ಇದ್ದವರಿಗೆ ಉಬ್ಬಿದ್ದು ಇಳಿಯುತ್ತೆ. ನಿಮಗೆ ಆ ಏರಿಳಿತವೇ ನಿಂತಿದೆ, ಉಬ್ಬು ಮಾತ್ರ ಉಳಿದಿದೆ. ಸಾಮಾನ್ಯ ಕಾರಣವೇ ಇರಬಹುದು. ಆದರೆ 50 ದಾಟಿದವರಲ್ಲಿ ಹೊಸದಾಗಿ ಶುರುವಾಗಿ ವಾರಗಟ್ಟಲೆ ಇಳಿಯದ ಹೊಟ್ಟೆಯುಬ್ಬರ ಅಂಡಾಶಯದ ಕ್ಯಾನ್ಸರಿನ ಲಕ್ಷಣವೂ ಆಗಿರಬಹುದು. ಅದು ಬೇಗ ಸಿಕ್ಕಷ್ಟೂ ಚಿಕಿತ್ಸೆ ಸುಲಭ. ಕಷಾಯ ನಿಲ್ಲಿಸಿ, ನಾಳೆಯೇ ಸಾಗರದ ಸರ್ಕಾರಿ ಆಸ್ಪತ್ರೆಯಲ್ಲಿ ಹೆಂಗಸರ ಡಾಕ್ಟರಿಗೆ ತೋರಿಸಿ, ಹೊಟ್ಟೆಯ ಸ್ಕ್ಯಾನಿಂಗ್ ಆಗಲೇಬೇಕು ಅಂತ ಕೇಳಿ. ಅಲ್ಲಿ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ರಿಪೋರ್ಟು ಬಂದ ಮೇಲೆ ನನಗೊಂದು ಕಾಗದ ಹಾಕಿ, ಕಾಯ್ತಾ ಇರ್ತೇನೆ.