ಸೈಟು ನೋಡಿದಿರಿ, ಬಾಡಿಗೆದಾರನನ್ನು ನೋಡಿದಿರಾ?

ಚಿತ್ರದುರ್ಗದಲ್ಲಿ ಕೈಯಲ್ಲಿ ನಾಲ್ಕು ಕಾಸು ಸೇರಿದವರಿಗೆಲ್ಲ ಈಗ ಒಂದೇ ಕನಸು. ಬೈಪಾಸಿನ ಪಕ್ಕ ಒಂದು ಸೈಟು, ಅದರ ಮೇಲೆ ನಾಲ್ಕು ಬಾಡಿಗೆ ಮನೆ. ಸೌದಿಯಲ್ಲಿ ಬೆವರು ಸುರಿಸಿ ಬಂದವರು, ಗುಜರಿ ಅಂಗಡಿಯವರು, ನಿವೃತ್ತ ಮೇಷ್ಟ್ರುಗಳು ಎಲ್ಲರದೂ ಅದೇ ಲೆಕ್ಕ. ತಪ್ಪೇನಿಲ್ಲ. ಬಡ್ಡಿ ಮುಟ್ಟಬಾರದು ಎನ್ನುವವನಿಗೆ ಬ್ಯಾಂಕಿನ ಠೇವಣಿಗಿಂತ ಬಾಡಿಗೆ ಮನೆ ನೆಮ್ಮದಿಯ ಗಳಿಕೆ. ಆದರೆ ನಾವು ಜಾಗ ಆರಿಸುವ ರೀತಿ ನೋಡಿದರೆ ಮನೆ ಕಟ್ಟಲು ಹೊರಟಿದ್ದೇವೋ ಮಟ್ಕಾ ಆಡಲು ಹೊರಟಿದ್ದೇವೋ ಎಂದು ಅನುಮಾನವಾಗುತ್ತದೆ. ಬ್ರೋಕರನನ್ನು ಕೇಳುವುದು ಒಂದೇ ಪ್ರಶ್ನೆ: "ಐದು ವರ್ಷಕ್ಕೆ ಎಷ್ಟಾಗುತ್ತೆ ಭಾಯಿ?" ಈ ನೆಲ ಯಾರದಾಗಿತ್ತು, ನಾಳೆ ಇದರ ಮೇಲೆ ಯಾರು ಬದುಕುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ಬ್ರೋಕರನ ಬಾಯಲ್ಲಿ ನಮ್ಮ ಜಿಲ್ಲೆ ಸ್ವರ್ಗ. ಹಿರಿಯೂರಿನಲ್ಲಿ ನಿಂತು, ಇಲ್ಲಿ ರೈಲು ಬರುತ್ತದೆ ಎನ್ನುತ್ತಾನೆ. ತುಮಕೂರು-ಚಿತ್ರದುರ್ಗ-ದಾವಣಗೆರೆ ನೇರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 2011-12ರಲ್ಲಿ. ಆಗ ಹುಟ್ಟಿದ ಮಗುವಿಗೆ ಈಗ ಮೀಸೆ ಚಿಗುರುತ್ತಿದೆ. ಹೊಸದುರ್ಗದಲ್ಲಿ ಸ್ಟೇಷನ್ನೇ ಇದೆಯಲ್ಲ ಎನ್ನುತ್ತಾನೆ. ಇದೆ, ಅದರ ಹೆಸರು ಹೊಸದುರ್ಗ ರೋಡ್. ಊರಿನ ಹೆಸರಿನ ಜೊತೆ ರೈಲ್ವೆಯವರು ರೋಡ್ ಎಂದು ಬರೆದಿದ್ದಾರೆಂದರೆ ಊರು ಅಲ್ಲಿಂದ ದೂರವಿದೆ ಎಂದೇ ಅರ್ಥ. ಹೊಳಲ್ಕೆರೆಗೆ ಹೋದರೆ ಭದ್ರಾ ಮೇಲ್ದಂಡೆಯ ಮಾತು. 2023ರ ಕೇಂದ್ರ ಬಜೆಟ್ಟಿನಲ್ಲಿ ಆ ಯೋಜನೆಗೆ 5,300 ಕೋಟಿ ಘೋಷಣೆಯಾದದ್ದೇ ತಡ, ಕಾಲುವೆಗಿಂತ ಮೊದಲು ಬ್ರೋಕರನ ಬಾಯಲ್ಲಿ ನೀರು ಹರಿಯಿತು.

ಬಾಡಿಗೆಗೆ ಬರುವವನಿಗೆ ಬೇಕಾದ್ದು ಐದು ವರ್ಷದ ಮೇಲಿನ ರೈಲಲ್ಲ, ನಾಳೆ ಬೆಳಿಗ್ಗೆಯ ಬಸ್ಸು. ಅವನು ಯಾರು? ಜಿಲ್ಲಾಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್. ಚಿತ್ರದುರ್ಗದಲ್ಲಿ 2023ರಲ್ಲಿ ಶುರುವಾದ ಸರಕಾರಿ ಮೆಡಿಕಲ್ ಕಾಲೇಜಿಗೆ ಬಂದ ಹುಡುಗ. ಹಿರಿಯೂರಿನ ಬಬ್ಬೂರು ಫಾರಂನ ತೋಟಗಾರಿಕೆ ಕಾಲೇಜಿನ ನೌಕರ. ವರ್ಗವಾಗಿ ಬಂದ ಬಸ್ ಕಂಡಕ್ಟರ್. ಇವರು ಮೊದಲು ಕೇಳುವುದು, ನಲ್ಲಿ ಇದೆಯಾ? ಬೀದಿ ದೀಪ ಇದೆಯಾ? ಮಕ್ಕಳು ಶಾಲೆಗೆ ನಡೆದು ಹೋಗಬಹುದಾ? ಬೈಪಾಸಿನಾಚೆಯ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಮಾಡಿದ ಬಡಾವಣೆಯಲ್ಲಿ ಚರಂಡಿ ಇಲ್ಲ, ಕೊಳವೆ ಬಾವಿಯೇ ಗತಿ. ನಮ್ಮ ಜಿಲ್ಲೆಯ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಹಲ್ಲು ನೋಡಿದರೇ ತಿಳಿಯುವ ಸಂಗತಿ. ಪಾಳಿ ಮುಗಿಸಿದ ಆ ನರ್ಸ್ ಕತ್ತಲಲ್ಲಿ ಹೆದ್ದಾರಿ ದಾಟಿ ಮನೆ ಸೇರಬೇಕು. ಅವಳು ಎರಡೇ ತಿಂಗಳಲ್ಲಿ ಮನೆ ಖಾಲಿ ಮಾಡಿದರೆ ನಾವು, "ಈ ಕಾಲದ ಬಾಡಿಗೆದಾರರು ಸರಿಯಿಲ್ಲ" ಎನ್ನುತ್ತೇವೆ!

ಇನ್ನು ನೀರಿನ ದಾರಿ. ಮಾರಿಕಣಿವೆಯ ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಅದು ತುಂಬಲೇ ಇಲ್ಲ. ಅಷ್ಟು ಸಾಕಾಯಿತು, ವೇದಾವತಿ ಸತ್ತೇಹೋದಳೆಂದು ಮೂರು ತಲೆಮಾರು ನಂಬಿತು. 2022ರ ಸೆಪ್ಟೆಂಬರಿನಲ್ಲಿ ಅಣೆಕಟ್ಟೆ ತುಂಬಿ ಹರಿದಾಗ ಹಿರಿಯೂರಿನಲ್ಲಿ ನದಿ ತನ್ನ ಹಳೆಯ ಅಗಲವನ್ನು ತಾನೇ ಅಳೆದು ತೋರಿಸಿತು. ಮೇಲೆ ಹೊಸದುರ್ಗದ ಕಡೆಯ ರೈತರ ತೋಟಗಳಿಗೆ ಹಿನ್ನೀರು ನುಗ್ಗಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ. ಆದರೂ "ಇಲ್ಲಿ ಯಾವತ್ತೂ ನೀರು ಬಂದಿಲ್ಲ ಸಾಹೇಬ್ರೇ" ಎಂಬ ಮಾತಿಗೆ ಇನ್ನೂ ಗಿರಾಕಿಗಳಿದ್ದಾರೆ. ಪಹಣಿಯಲ್ಲಿ ಖರಾಬು ಎಂಬ ಕಾಲಂ ಸುಮ್ಮನೆ ಇಟ್ಟಿಲ್ಲ. ಬಿ ಖರಾಬು ಎಂದರೆ ಹಳ್ಳವೋ ದಾರಿಯೋ ಸ್ಮಶಾನವೋ, ಒಟ್ಟಿನಲ್ಲಿ ಸಾರ್ವಜನಿಕರದು. ಅದನ್ನು ನಕ್ಷೆಯಲ್ಲಿ ನೋಡಲು ಅರ್ಧ ದಿನ ಬೇಕು. ಬಿರಿಯಾನಿ ಹೋಟೆಲಿನಲ್ಲಿ ಬ್ರೋಕರನ ಜೊತೆ ಅದಕ್ಕಿಂತ ಹೆಚ್ಚು ಹೊತ್ತು ಕೂರುತ್ತೇವೆ.

ಕಾಗದದ ಮಾತು ಎತ್ತಿದರೆ ಈಗ "ಬಿ ಖಾತೆ ಆಗುತ್ತೆ ಬಿಡಿ" ಎನ್ನುತ್ತಾರೆ. 2025ರಲ್ಲಿ ಪಟ್ಟಣಗಳ ಅನಧಿಕೃತ ಸೈಟುಗಳಿಗೆ ಬಿ ಖಾತೆ ಕೊಡಲು ಸರಕಾರ ಅಭಿಯಾನವನ್ನೇನೋ ನಡೆಸಿತು. ಅದು ತೆರಿಗೆ ಕಟ್ಟಿಸಿಕೊಳ್ಳುವ ದಾರಿ, ಸೈಟನ್ನು ಸಕ್ರಮ ಮಾಡುವ ಮಂತ್ರವಲ್ಲ. 2020ರ ತಿದ್ದುಪಡಿಯಿಂದ ಯಾರು ಬೇಕಾದರೂ ಹೊಲ ಕೊಳ್ಳಬಹುದಾಯಿತು, ನಿಜ. ಆದರೆ ಭೂ ಪರಿವರ್ತನೆ ಆಗದ ಹೊಲ ಹೊಲವೇ.

ಅಷ್ಟು ಅಗ್ಗಕ್ಕೆ ಆ ಹೊಲ ಯಾಕೆ ಸಿಕ್ಕಿತು ಎಂದೂ ಯೋಚಿಸಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಅನುಮತಿಯಿಲ್ಲದೆ ಕೊಂಡರೆ ಆ ಖರೀದಿ ನಿಲ್ಲುವುದಿಲ್ಲ ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ತಡವಾಗಿ ಕೇಳಿದಿರಿ ಎಂದು ಆ ಕುಟುಂಬದವರನ್ನು ವಾಪಸು ಕಳಿಸದಂತೆ 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಬಂತು. ಕೊಳ್ಳುವವರಿಗೆ ಇದೊಂದು ಕಾಟ ಎಂದು ನಮ್ಮವರೇ ಗೊಣಗುವುದನ್ನು ಕೇಳಿದ್ದೇವೆ. ಯಾರದೋ ಮಗಳ ಮದುವೆಯ ಸಾಲದ ಹೊತ್ತು ನೋಡಿ ಕಿತ್ತುಕೊಂಡ ಎರಡೆಕರೆಯ ಮೇಲೆ ಕಟ್ಟಿದ ಮನೆಯ ಬಾಡಿಗೆ ಯಾವ ಲೆಕ್ಕದಲ್ಲಿ ಹಲಾಲ್ ಆದೀತು?

"ಹಾಗಾದರೆ ಮೊಹಲ್ಲಾದೊಳಗೇ ಕೊಳ್ಳುತ್ತೇವೆ" ಎಂಬುದು ಸಿದ್ಧ ಉತ್ತರ. ಅದರ ಹಿಂದಿನ ನೋವು ನಮಗೂ ಗೊತ್ತು. ಹೆಸರು ಕೇಳಿದೊಡನೆ "ಅಯ್ಯೋ, ಈಗಷ್ಟೇ ಕೊಟ್ಟುಬಿಟ್ಟೆವಲ್ಲ" ಎಂದ ಮಾಲೀಕರನ್ನು ನಮ್ಮಲ್ಲಿ ಯಾರು ಕಂಡಿಲ್ಲ? ದಲಿತ ಮೇಷ್ಟ್ರಿಗೂ ಅದೇ ಉತ್ತರ ಸಿಕ್ಕಿರುತ್ತದೆ. ಆದರೆ ಎಲ್ಲರೂ ಒಂದೇ ಗಲ್ಲಿಯಲ್ಲಿ ಕೊಳ್ಳಲು ನಿಂತರೆ ಬೆಲೆ ಏರುತ್ತದೆ, ಇಪ್ಪತ್ತು ಮೂವತ್ತರ ಸೈಟಿನ ಮೇಲೆ ಗಾಳಿ ಬೆಳಕಿಲ್ಲದ ಆರು ಗೂಡು ಏಳುತ್ತವೆ. ಆ ಗೂಡಿನ ಬಾಗಿಲಿಗೂ ನಾವು ಹಾಕುವ ಶರತ್ತು ಏನು? ನಮ್ಮವರಿಗೆ ಮಾತ್ರ. ದಲಿತ ಮೇಷ್ಟ್ರು ಬಂದರೆ ನಮಗೂ ಮನೆ ಈಗಷ್ಟೇ ಹೋಗಿರುತ್ತದೆ. ತಲಾಖ್ ಆದ ಹೆಣ್ಣುಮಗಳು ಬಂದರೆ ಅಡ್ವಾನ್ಸು ಎರಡು ಪಟ್ಟು.

ನಾಲ್ಕು ಜಾತಿಯ ಜನ ಓಡಾಡುವ ಬೀದಿಯಲ್ಲಿ, ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರ ಜಾಗವೇ ಇಲ್ಲವೇ? ಇದೆ. ನಾಲ್ಕೂ ಊರುಗಳಲ್ಲಿ ಪಾಲಾಗದೆ ಬೀಗ ಜಡಿದ ಹಳೆ ಹೆಂಚಿನ ಮನೆಗಳಿವೆ. ಬೆಲೆ ಜಾಸ್ತಿ, ಅಳತೆ ಕಡಿಮೆ, ಸಹಿಗಳು ಮಾತ್ರ ಹೆಚ್ಚು. ಆ ಸಹಿಗಳಿಗೆ ಹೆದರಿಯೇ ನಾವು ಬೈಪಾಸಿಗೆ ಓಡುವುದು. ಮಾರುವ ಅಣ್ಣತಮ್ಮಂದಿರು ಮುಸ್ಲಿಮರಾದರೆ ಶರೀಅತ್ತಿನಲ್ಲಿ, ಹಿಂದೂಗಳಾದರೆ 2005ರ ತಿದ್ದುಪಡಿಯಲ್ಲಿ ಅಕ್ಕತಂಗಿಯರಿಗೆ ಪಾಲಿದೆ. "ಅವರಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಎಂದರೆ ಅಡ್ವಾನ್ಸನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಆ ಅಕ್ಕನನ್ನು ಹೊಳಲ್ಕೆರೆಗೆ ಕೊಟ್ಟಿದ್ದಾರೋ ಹೊಸದುರ್ಗಕ್ಕೆ ಕೊಟ್ಟಿದ್ದಾರೋ ವಿಚಾರಿಸಿ, ಬಸ್ಸು ಹತ್ತಿ, ಅವಳನ್ನೇ ಕೇಳಿ ಬನ್ನಿ.