ಚಿಕ್ಕಪ್ಪನ ಮದುವೆ ಕೋಟು

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಅಂತ ನಮ್ಮ ಕಡೆ ಒಂದು ಗಾದೆ ಇದೆ. ನಾಗಪುರಕ್ಕೆ ಬಂದ ಮೇಲೆ ಈ ಗಾದೆಯ ಎರಡನೇ ಅರ್ಧದ ಮೇಲೆ ನನಗೆ ಸಿಟ್ಟು ಬಂದಿದೆ. ಯಾಕೆ ಅಂತ ಹೇಳ್ತೀನಿ, ಕೇಳಿ.

2003ರ ಮೇ ತಿಂಗಳು. ಸಂಘಮಿತ್ರ ಎಕ್ಸ್‌ಪ್ರೆಸ್ಸಿನಿಂದ ನಾಗಪುರದಲ್ಲಿ ಇಳಿದಾಗ ನನ್ನ ಕೈಯಲ್ಲಿ ಒಂದು ಸೂಟ್‌ಕೇಸು, ಅದರ ಮೇಲೆ ಮಡಿಸಿಟ್ಟ ಚಿಕ್ಕಪ್ಪನ ಮದುವೆ ಕೋಟು. ಕಾರ್ಖಾನೆಯವರ ಕಾಗದದಲ್ಲಿ ‘ಫಾರ್ಮಲ್ ಉಡುಪಿನಲ್ಲಿ ಹಾಜರಾಗತಕ್ಕದ್ದು’ ಎಂದಿತ್ತು. ‘ಕೋಟು ಹಾಕ್ಕೊಂಡೇ ಹೋಗಪ್ಪಾ, ನಾಲ್ಕು ಜನರ ಮುಂದೆ ಮರ್ಯಾದೆ ಇರುತ್ತೆ’ ಎಂದು ಅಮ್ಮ ಇಸ್ತ್ರಿ ಮಾಡಿಸಿ ಕೊಟ್ಟಿದ್ದಳು. ನಾನು ತಂಗಿದ್ದ ಮನೆಯ ಮುದುಕಿ ಬೆಳಿಗ್ಗೆ ನನ್ನ ಅವತಾರ ನೋಡಿ, ‘ಅರೇ ಬಾಬಾ, ಕೋಟ್ ಕಶಾಲಾ? ಖಿಶಾತ್ ಕಾಂದಾ ಠೇವ್’ ಅಂದಳು. ಕೋಟು ಯಾಕೋ, ಜೇಬಿನಲ್ಲಿ ಈರುಳ್ಳಿ ಇಟ್ಕೋ ಅಂತ. ಬಿಸಿಗಾಳಿ ಬಡಿಯದಿರಲಿ ಎಂದು ಇಲ್ಲಿನವರು ಮಾಡುವ ಉಪಾಯ ಅದು. ನಾನು ಕೋಟೂ ಹಾಕಿದೆ, ಈರುಳ್ಳಿಯನ್ನೂ ಇಟ್ಟುಕೊಂಡೆ. ಬೆವರು ಸೋರುತ್ತಾ ಏನು ಉತ್ತರ ಕೊಟ್ಟೆನೋ, ಕೆಲಸ ಸಿಕ್ಕಿತು. ಕೋಟಿನಿಂದಲೇ ಸಿಕ್ಕಿತು ಎಂದು ಅಮ್ಮ ಊರಿಗೆಲ್ಲ ಹೇಳಿದಳು.

ತಮಾಷೆ ಮರುದಿನ ಶುರುವಾಯಿತು. ಲೇತ್ ಮೆಷಿನ್ ಹತ್ತಿರ ಹೋಗುವಾಗ ಫೋರ್‌ಮನ್ ಮೊದಲು ಹೇಳಿದ ಮಾತೇ ‘ಟೈ ಬಿಚ್ಚಿ’ ಅನ್ನುವುದು. ತಿರುಗುವ ಯಂತ್ರಕ್ಕೆ ಟೈ ಸಿಕ್ಕಿಕೊಂಡರೆ ಕತ್ತೇ ಹೋಗುತ್ತೆ ಸ್ವಾಮಿ! ಚಲಿಸುವ ಯಂತ್ರ ಮುಟ್ಟುವವನಿಗೆ ಮೈಗಂಟಿದ ಬಟ್ಟೆ ಇರಬೇಕು, ಅದನ್ನು ಕಾರ್ಖಾನೆಯವನೇ ಕೊಡಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಅಂದ್ರೆ ಕೆಲಸಕ್ಕೆ ಬೇಕಾದ ಬಟ್ಟೆಯನ್ನು ಧಣಿ ಕೊಡ್ತಾನೆ. ಕೆಲಸಕ್ಕೆ ಬೇಡವಾದ ಬಟ್ಟೆಯನ್ನು ಮಾತ್ರ ಕೆಲಸವಿಲ್ಲದವನು ಸಾಲ ಮಾಡಿ ತರಬೇಕು. ಇದ್ಯಾವ ನ್ಯಾಯ?

ಹತ್ತು ವರ್ಷ ಕಳೆದು ನಾನೇ ಮೇಜಿನ ಆಚೆ ಬದಿಗೆ ಹೋಗಿ ಕೂತೆ. 2013ರ ಮೇ. ಆ ತಿಂಗಳ 23ರಂದು ನಾಗಪುರದಲ್ಲಿ 47.9 ಡಿಗ್ರಿ ಸೆಲ್ಸಿಯಸ್ ಬಿಸಿಲು ಬಿದ್ದಿತ್ತು. ಅದೇ ವಾರ ನಮ್ಮಲ್ಲಿ ಇಂಟರ್‌ವ್ಯೂ. ಭಂಡಾರಾ ಕಡೆಯ ಹಳ್ಳಿಯ ಹುಡುಗ, ಡಿಪ್ಲೊಮಾ ಆಗಿತ್ತು. ಕೇಳಿದ್ದಕ್ಕೆಲ್ಲ ಅಚ್ಚುಕಟ್ಟಾಗಿ ಹೇಳಿದ. ಆದರೆ ಅವನ ಕೋಟು ಭುಜದಿಂದ ಜಾರುತ್ತಿತ್ತು, ತೋಳಿನ ಒಳಗಿಂದ ಬಾಡಿಗೆ ಅಂಗಡಿಯ ಚೀಟಿ ಇಣುಕುತ್ತಿತ್ತು. ಪಕ್ಕದಲ್ಲಿದ್ದವರು ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ನಮ್ಮ ಫಾರ್ಮಿನಲ್ಲಿ ‘ಉಡುಪು, ತೋರ್ಕೆ’ ಅಂತ ಹತ್ತು ಅಂಕದ ಒಂದು ಕಾಲಂ ಇತ್ತು. ಅವನಿಗೆ ನಾಲ್ಕು ಹಾಕಿದೆ. ಅಳತೆಗೆ ಹೊಲಿಸಿದ ಸೂಟು ಹಾಕಿದ್ದ ಇನ್ನೊಬ್ಬನಿಗೆ ಎಂಟು. ಒಟ್ಟು ಲೆಕ್ಕದಲ್ಲಿ ಅವನು ಸೋತದ್ದು ಮೂರೇ ಅಂಕಗಳಿಂದ.

ಮನೆಗೆ ಹೋಗಿ ಬೀರು ತೆಗೆದರೆ ಚಿಕ್ಕಪ್ಪನ ಕೋಟು ನೇತಾಡುತ್ತಿತ್ತು. ಅನ್ನ ಸೇರಲಿಲ್ಲ.

‘ಹಾಗಾದ್ರೆ ಲುಂಗಿ ಉಟ್ಕೊಂಡು ಬರಬೇಕೇನ್ರೀ?’ ಅಂತ ಕೇಳುವವರಿದ್ದಾರೆ. ಬೇಡ. ಒಗೆದ ಅಂಗಿ, ಒಗೆದ ಪ್ಯಾಂಟು, ಬಾಚಿದ ತಲೆ ಸಾಕು. ಹೈಕೋರ್ಟು, ಸುಪ್ರೀಂ ಕೋರ್ಟು ಬಿಟ್ಟರೆ ಉಳಿದ ಕೋರ್ಟುಗಳಲ್ಲಿ ಬೇಸಿಗೆಯಲ್ಲಿ ವಕೀಲರಿಗೇ ಕರಿಕೋಟು ಕಡ್ಡಾಯವಲ್ಲ. ನ್ಯಾಯಾಧೀಶರ ಮುಂದೆ ನಡೆಯುವುದು ಬೂಟಿಬೋರಿಯ ಕಾರ್ಖಾನೆಯಲ್ಲಿ ಯಾಕೆ ನಡೆಯಬಾರದು?

‘ನಮ್ಮ ವಿಶ್ವೇಶ್ವರಯ್ಯನವರು ಸೂಟು ಹಾಕ್ತಿರಲಿಲ್ವೇ?’ ಅಂತಲೂ ಕೇಳ್ತಾರೆ. ಹಾಕ್ತಿದ್ದರು, ಮೇಲೆ ಮೈಸೂರು ಪೇಟ ಬೇರೆ. ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜು 1960ರಿಂದ ಇದೇ ನಾಗಪುರದಲ್ಲಿದೆ. ಕನ್ನಡಿಗನಾಗಿ ಅದರ ಮುಂದೆ ಹೋಗುವಾಗ ನನಗೂ ಎದೆ ಉಬ್ಬುತ್ತೆ. ಅದರ ಹತ್ತಿರದಲ್ಲೇ ದೀಕ್ಷಾಭೂಮಿ. 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ ಊರು ಇದು. ಇಲ್ಲಿ ಮನೆಮನೆಯ ಗೋಡೆಯ ಮೇಲೆ ಅವರ ಚಿತ್ರ, ಸೂಟಿನಲ್ಲೇ. ಒಳ್ಳೆ ಬಟ್ಟೆ ಉಟ್ಟರೆ ಹೊಡೆಸಿಕೊಳ್ಳಬೇಕಾಗಿದ್ದ ಜನಕ್ಕೆ ಆ ಸೂಟು ಏನು ಅಂತ ನನ್ನಂಥವನು ವಿವರಿಸಬೇಕಿಲ್ಲ. ಅದು ಯಾರೂ ಹೇರಿದ್ದಲ್ಲ, ಅವರು ತಾವಾಗಿ ತೊಟ್ಟದ್ದು.

ಆದ್ದರಿಂದ ನನ್ನ ಜಗಳ ಕೋಟಿನ ಜೊತೆ ಅಲ್ಲ. ಆ ಭಂಡಾರಾದ ಹುಡುಗ ಕನ್ನಡಿ ಮುಂದೆ ನಿಂತು ಆ ಕೋಟನ್ನು ಎಷ್ಟು ಹೆಮ್ಮೆಯಿಂದ ಹಾಕಿಕೊಂಡಿದ್ದನೋ! ಹಾಕಿಕೊಂಡು ಬಾ ಎಂದವರೂ ನಾವೇ, ಬಂದಾಗ ನಕ್ಕವರೂ ನಾವೇ. ಆ ಕಾಲಂನಲ್ಲಿ ನಾವು ಅಳೆದದ್ದು ಶಿಸ್ತನ್ನಲ್ಲ. ಇವನ ಮನೆಯಲ್ಲಿ ಮೊದಲೇ ಒಂದು ಕೋಟು ಇತ್ತೇ, ಇರಲಿಲ್ಲವೇ ಅನ್ನುವುದನ್ನು.

ಊರಲ್ಲಿರುವ ಅಪ್ಪ ಅಮ್ಮಂದಿರೇ, ಮಕ್ಕಳನ್ನು ಪರಊರಿಗೆ ಇಂಟರ್‌ವ್ಯೂಗೆ ಕಳಿಸುವಾಗ ಕೋಟಿಗೆ ಸಾಲ ಮಾಡಬೇಡಿ. ಆ ದುಡ್ಡಿನಲ್ಲಿ ಒಂದು ದಿನ ಮೊದಲೇ ಹೊರಟು, ರೂಮು ಮಾಡಿ, ನಿದ್ದೆ ಮಾಡಿ ಹೋಗಲಿ. ಮೇಜಿನ ಆಚೆ ಕೂತಿರುವ ನನ್ನಂಥವರಿಗೂ ಒಂದು ಮಾತು: ಆ ಕಾಲಂ ಹೊಡೆದು ಹಾಕಿ. ಕೋಟು ಬೇಕೇ ಬೇಕಾದರೆ ಕೆಲಸ ಕೊಟ್ಟ ಮೇಲೆ ನೀವೇ ಹೊಲಿಸಿಕೊಡಿ. ನಮ್ಮ ಫಾರ್ಮಿನಿಂದ ಅದನ್ನು ತೆಗೆಸಲು ನನಗೆ ಎರಡು ವರ್ಷ ಹಿಡಿಯಿತು. ಆ ಹುಡುಗನಿಗೆ ಮಾತ್ರ ಅದರಿಂದ ಏನೂ ಆಗಲಿಲ್ಲ.

ಚಿಕ್ಕಪ್ಪನ ಕೋಟು ಈಗಲೂ ಬೀರುವಿನಲ್ಲಿದೆ. ಯಾರಾದರೂ ಕೇಳಿದರೆ ಕೊಡ್ತೀನಿ, ಮದುವೆಗೆ ಮಾತ್ರ.